ಬಾಟಲಿಯ ಕುತ್ತಿಗೆ ಮತ್ತು ಭಾಲ್ಕಿ ಗಾಡಿಯ ಸೀಟಿ

ನನ್ನ ಅಂಗಿಯ ಗುಂಡಿ ಕಿತ್ತುಹೋಯಿತು. ಇದು ಲೋಕಕ್ಕೆ ಸಾರಬೇಕಾದ ಸಂಗತಿಯಲ್ಲವೆಂದು ನಾನೂ ಬಲ್ಲೆ. ಆದರೆ ಗುಂಡಿ ಕಿತ್ತುಹೋಗದಿದ್ದರೆ ಮೊಮ್ಮಗನ ಹೆಂಡತಿ ಸುಜಾತಾ ಗುಂಡಿಯ ಡಬ್ಬಿ ತೆರೆಯುತ್ತಿರಲಿಲ್ಲ. ಡಬ್ಬಿ ತೆರೆಯದಿದ್ದರೆ ಅದರ ತಳದಲ್ಲಿದ್ದ ಬಾಟಲಿಯ ಕುತ್ತಿಗೆ ಅವಳ ಕೈಗೆ ಸಿಗುತ್ತಿರಲಿಲ್ಲ. ಅವಳ ಕೈಗೆ ಅದು ಸಿಗದಿದ್ದರೆ ನೀವು ಈ ಹೊತ್ತು ಬೇರೆ ಏನಾದರೂ ಉಪಯುಕ್ತ ಕೆಲಸ ಮಾಡಿಕೊಂಡಿರುತ್ತಿದ್ದಿರಿ.

ಸುಜಾತಾ ಬೀದರದ ಚಿದ್ರಿಯಲ್ಲಿರುವ ನಮ್ಮ ಮನೆಗೆ ಸೊಸೆಯಾಗಿ ಬಂದು ಇನ್ನೂ ವರ್ಷವಾಗಿಲ್ಲ. ಮನೆಯ ಹಳೆಯ ವಸ್ತುಗಳಲ್ಲಿ ಯಾವುದು ಕಸ, ಯಾವುದು ದೇವರು ಎಂಬುದು ಅವಳಿಗಿನ್ನೂ ಪೂರ್ತಿ ತಿಳಿದಿಲ್ಲ.

"ಅಜ್ಜಾರೀ, ಗುಂಡಿ ಡಬ್ಬಿದಾಗ ಒಡದ ಬಾಟ್ಲಿ ಇಟ್ಟೀರಲ್ರಿ! ಯಾರಿಗರೆ ಚುಚ್ಚಿದ್ರ ಹ್ಯಾಂಗ? ಕಸಕ್ಕ ಹಾಕ್ತೇನಿ."

"ಹಾಕಬ್ಯಾಡವ್ವಾ. ಅದು ಬಾಜಾದ ಅರ್ಧ ಅದ."

"ಇನ್ನ ಅರ್ಧಾ?"

"ಔರಾದದಾಗ ಅದ."

ಆಕೆ ನನ್ನ ಮುಖವನ್ನು ಸ್ವಲ್ಪ ಹೊತ್ತು ನೋಡಿ, ಬಹಳ ಮೆಲ್ಲಗೆ, "ಚಹಾ ಮಾಡ್ಲೇನ್ರಿ?" ಎಂದಳು. ವಯಸ್ಸಾದವರ ತಲೆ ಜಾಗ ಬಿಟ್ಟಿದೆಯೆಂದು ಅನುಮಾನ ಬಂದಾಗ ಒಳ್ಳೆಯ ಮನೆತನದ ಹೆಣ್ಣುಮಕ್ಕಳು ಆ ಪ್ರಶ್ನೆಯನ್ನೇ ಕೇಳುತ್ತಾರೆ. ಮಾಡು ಎಂದೆ. ಅವಳು ಚಹಾ ಸೋಸುವುದರೊಳಗೆ ನಿಮಗಾದರೂ ವಿಷಯ ತಿಳಿಸಿಬಿಡುತ್ತೇನೆ.

ಕುತ್ತಿಗೆ ಹಸಿರು ಗಾಜಿನದು. ಎರಡೂ ಕಡೆ ಬಾಯಿ ತೆರೆದ, ಕಿರುಬೆರಳಿನಷ್ಟು ಉದ್ದದ ಕೊಳವೆ. ಅದರ ಅಂಚು ಹಳ್ಳದ ಕಲ್ಲಿನಂತೆ ನುಣುಪಾಗಿದೆ. ಅದು ಮೂಲದಲ್ಲಿ ಯಾವ ಬಾಟಲಿಯದೆಂಬುದು ನಮ್ಮ ಮನೆತನದ ಇತಿಹಾಸದಲ್ಲಿ ವಿವಾದಾಸ್ಪದ ವಿಷಯ. ಔಷಧಿಯದು ಎಂದು ನನ್ನ ಸೋದರಮಾವ ಮಾಣಿಕಮಾಮಾ ಕೊನೆಯವರೆಗೂ ಸಾಧಿಸಿದ. ಅವನ ತಾಯಿ, ಅಂದರೆ ನನ್ನ ಅಜ್ಜಿ, ಅದನ್ನು ಒಮ್ಮೆ ಮೂಸಿ ನೋಡಿ, "ಇಂಥಾ ಔಷಧ ಕುಡದವರು ಗಟಾರದಾಗ ಬಿದ್ದಿರ್ತಾರ" ಎಂದು ತೀರ್ಪು ಕೊಟ್ಟಳು. ನಮ್ಮದು ಲಿಂಗ ಕಟ್ಟಿದ ಮನೆ. ಕಡೆಗೆ ಅಜ್ಜಿಯೇ ಅದನ್ನು ಬಿಸಿನೀರಲ್ಲಿ ಕುದಿಸಿ, ವಿಭೂತಿ ಹಚ್ಚಿ, ಒಳಗೆ ತೆಗೆದುಕೊಂಡಳು. ವಿಧಿಪೂರ್ವಕವಾಗಿ ದೀಕ್ಷೆ ಪಡೆದ ಶರಾಬಿನ ಬಾಟಲಿ ಈ ಜಿಲ್ಲೆಯಲ್ಲಿ ಇದೊಂದೇ ಇರಬೇಕು.

ಮಾಮಾ ಭಾಲ್ಕಿ ಸ್ಟೇಷನ್ನಿನಲ್ಲಿ ತಿಕೀಟು ಬಾಬು. ಅವನ ಜೀವದ ಗೆಳೆಯ ಚಾಂದಸಾಬ ಅಲ್ಲಿಯೇ ಕಾಂಟಾವಾಲಾ, ಎಂದರೆ ಗಾಡಿ ಯಾವ ಹಳಿಗೆ ಹೋಗಬೇಕೋ ಆ ಹಳಿಗೆ ಕಾಂಟಾ ತಿರುಗಿಸುವವನು. ಜನ ಎಲ್ಲಿಗೆ ಹೋಗಬೇಕೆಂದು ತಾನು ಬರೆಯುವುದು, ನಿಜವಾಗಿ ಎಲ್ಲಿಗೆ ಹೋಗುತ್ತಾರೆಂಬುದು ಚಾಂದನ ಕೈಯಲ್ಲಿರುವುದು ಎಂದು ಮಾಮಾ ಹೇಳುತ್ತಿದ್ದ. ನಾನು ಮೆಟ್ರಿಕ್ಕಿನಲ್ಲಿ ಉರ್ದು ಲೆಕ್ಕದ ಪುಸ್ತಕದ ಜೊತೆ ಎರಡು ಸಲ ಕುಸ್ತಿ ಹಿಡಿದು ಎರಡೂ ಸಲ ಚಿತ್ ಆಗಿ, ಸುಧಾರಣೆಗೆಂದು ಬೀದರದಿಂದ ಈ ಮಾಮಾನ ಮನೆಗೆ ರವಾನೆಯಾಗಿದ್ದೆ. ಆಗಿನ್ನೂ ಹೈದರಾಬಾದ್ ಸಂಸ್ಥಾನ. ಜಗತ್ತಿನಲ್ಲೆಲ್ಲ ಯುದ್ಧ ನಡೆದಿತ್ತಂತೆ. ಭಾಲ್ಕಿಗೆ ಅದರ ಪಾಲಾಗಿ ಬಂದದ್ದು ಸೀಮೆಎಣ್ಣೆಯ ಅಭಾವ ಮತ್ತು ಜಾನಪ್ಪ.

ಜಾನಪ್ಪ ಅಮೆರಿಕೆಯ ಸಿಪಾಯಿ. ಅವನಿಗೆ ಇನ್ನೂ ಉದ್ದವಾದ ಹೆಸರಿತ್ತು. ನಮ್ಮ ನಾಲಿಗೆಗೆ ಜಾನ್ ಎಂಬಷ್ಟೇ ಸಿಕ್ಕಿತು, ಉಳಿದದ್ದನ್ನು ಮರ್ಯಾದೆಗೆ ನಾವೇ ಸೇರಿಸಿದೆವು. ಆ ಮಳೆಗಾಲದಲ್ಲಿ ಮಾಂಜ್ರಾ ನದಿ ತುಂಬಿ ಸೇತುವೆಗೆ ಪೆಟ್ಟಾಗಿ, ಸಿಪಾಯಿಗಳ ಗಾಡಿಯೊಂದು ಭಾಲ್ಕಿಯ ಪಕ್ಕದ ಹಳಿಯ ಮೇಲೆ ಬಹಳ ದಿನ ಬಿಡಾರ ಹೂಡಿತು. ಸಿಪಾಯಿಗಳೆಂದರೆ ಬಿಳಿಯರು ಎಂದು ನೋಡಲು ಹೋದವರಿಗೆ ನಿರಾಶೆಯಾಯಿತು. ಜಾನಪ್ಪ ನಮ್ಮಷ್ಟೇ, ನಮಗಿಂತ ಒಂದು ಕೈ ಹೆಚ್ಚೇ ಕಪ್ಪಗಿದ್ದ. ಅಜ್ಜಿ ಅವನನ್ನು ನೋಡಿ, "ಇಂವ ನಮ್ಮ ಕಡಿಯಾಂವೇ ಇರ್ಬೇಕು. ಸಣ್ಣಂವಿದ್ದಾಗ ಯಾರೋ ಹಡಗಿನ್ಯಾಗ ಹಾಕ್ಕೊಂಡು ಒಯ್ದಾರ" ಎಂದಳು. ಅರ್ಧ ಇತಿಹಾಸವನ್ನು ಅಜ್ಜಿ ಹೀಗೆಯೇ, ಓದದೆ, ಸರಿಸುಮಾರಾಗಿ ಹೇಳಿಬಿಡುತ್ತಿದ್ದಳು.

ಅವನ ಬಳಿ ಗಿಟಾರಿತ್ತು. ಮಳೆಯ ತೇವಕ್ಕೆ ಅದರ ಹೊಟ್ಟೆ ಬಿರುಕು ಬಿಟ್ಟಿತ್ತು. ಬೆರಳಿಗೆ ಬಾಟಲಿಯ ಕುತ್ತಿಗೆ ತೊಟ್ಟು ಅವನು ತಂತಿಯ ಮೇಲೆ ಜಾರಿಸಿದಾಗ ಸ್ವರ ಇಲ್ಲಿಂದ ಅಲ್ಲಿಗೆ ಹಾರುತ್ತಿರಲಿಲ್ಲ. ಅಂಬೆಗಾಲಿಕ್ಕುವ ಕೂಸು ತಾಯಿಯ ಕಡೆ ಹೋದ ಹಾಗೆ ನೆಲ ಬಿಡದೆ ಹೋಗುತ್ತಿತ್ತು. ಹೆಬ್ಬೆರಳು ಮಾತ್ರ ದಪ್ಪ ತಂತಿಯ ಮೇಲೆ ಗಾಡಿಯ ಗಾಲಿಯಂತೆ ಟಕ್ ಟಕ್ ಎಂದು ಬಡಿಯುತ್ತಲೇ ಇರುವುದು. ಮೇಲೆ ಅಳು, ಕೆಳಗೆ ಪ್ರಯಾಣ. ಗಾಡಿ ನಿಂತಿದ್ದರಿಂದ ಮಾಮಾನಿಗೂ ಕೆಲಸವಿಲ್ಲ, ಚಾಂದಸಾಬನಿಗೂ ಕೆಲಸವಿಲ್ಲ. ಇಬ್ಬರೂ ಹೋಗಿ ಅವನೆದುರು ಚಕ್ಕಳಮಕ್ಕಳ ಹಾಕಿ ಕೂತರು.

ಮಾಮಾನ ಇಂಗ್ಲಿಷು ತಿಕೀಟಿನ ಹಿಂಬದಿಗೆ ಹಿಡಿಯುವಷ್ಟಿತ್ತು. ಜಾನಪ್ಪನ ಪದಗಳಲ್ಲಿ ಅವನಿಗೆ ತಿಳಿದದ್ದನ್ನು ಮನೆಗೆ ಬಂದು ಅಜ್ಜಿಗೆ ವಿವರಿಸಿದ: "ಅವನ ಹೆಣ್ತಿ ರೈಲಾಗ ಕೂತು ಹೋಗ್ಯಾಳ. ಅಷ್ಟs. ಅದನೇ ತಿರಿಗಿ ತಿರಿಗಿ ಅಂತಾನ."

"ರೈಲಾಗ ಹೋಗ್ಯಾಳಂದ್ರ ತಿಕೀಟು ನಿನ್ನಂಥಾಂವನೇ ಯಾವನೋ ಕೊಟ್ಟಿರ್ಬೇಕು" ಎಂದಳು ಅಜ್ಜಿ. "ಒಂದು ಮಾತು ಕೇಳಬಾರದಾ, ತಾಯೀ, ಒಬ್ಬಾಕೆನೇ ಎಲ್ಲಿಗಿ ಹೊಂಟೀದಿ ಅಂತ?"

ಮಾಮಾನಿಗೆ ಆ ದಿನ ಊಟ ಸೇರಲಿಲ್ಲ.

ಸೇತುವೆ ರಿಪೇರಿಯಾಯಿತೆಂಬ ಸುದ್ದಿ ಬಂದ ಬೆಳಿಗ್ಗೆ ಜಾನಪ್ಪ ಒಂದು ಹಸಿರು ಬಾಟಲಿ ತಂದ. ಸೀಮೆಎಣ್ಣೆಯಲ್ಲಿ ತೋಯಿಸಿದ ದಾರವನ್ನು ಅದರ ಕುತ್ತಿಗೆಗೆ ಸುತ್ತಿ, ಬೆಂಕಿ ಹಚ್ಚಿ, ಉರಿ ಆರುವ ಮೊದಲೇ ತಣ್ಣೀರಿಗೆ ಅದ್ದಿದ. ಟಣ್ ಎಂದು ಕುತ್ತಿಗೆ ಕಳಚಿತು. ಅಂಚನ್ನು ಪ್ಲಾಟ್‌ಫಾರ್ಮಿನ ಕಲ್ಲಿಗೆ ತಿಕ್ಕಿ ತಿಕ್ಕಿ ನುಣುಪು ಮಾಡಿದ. ಕುತ್ತಿಗೆಯನ್ನೂ ಬಿರುಕುಬಿಟ್ಟ ಗಿಟಾರನ್ನೂ ಇವರ ಮುಂದಿಟ್ಟ. ಯಾರಿಗೆ? ಅವನು ತನ್ನ ತೋರುಬೆರಳು, ನಡುಬೆರಳು ಎರಡನ್ನೂ ಒತ್ತಿ ಜೋಡಿಸಿ ಎತ್ತಿ ತೋರಿಸಿದ. ಇಬ್ಬರಿಗೂ ಕೂಡಿ ಎಂದು.

ಎಂಥ ಸಂತೋಷದಲ್ಲೂ ಮಾಮಾ ಕಾರಕೂನನೇ. ನೀನು ಹೋದ ಮೇಲೆ ತಂತಿ ಸಡಿಲಾದರೆ ಯಾವುದಕ್ಕೆ ಹಚ್ಚಿ ಸರಿಮಾಡುವುದೆಂದು ಕೈಸನ್ನೆಯಲ್ಲಿ ಕೇಳಿದ. ಜಾನಪ್ಪ ಬಾಯಿ ತೆರೆಯುವುದಕ್ಕೂ ಇಂಜಿನ್ ಸೀಟಿ ಹಾಕುವುದಕ್ಕೂ ಸರಿಹೋಯಿತು. ಅವನು ಕಿವಿಗೊಟ್ಟು, ನಡುವಿನ ತಂತಿಯೊಂದನ್ನು ಮೀಟಿ, ಎರಡೂ ಒಂದೇ ಎಂದು ತೋರಿಸಿ, ಘೊಳ್ಳನೆ ನಕ್ಕು ಗಾಡಿ ಹತ್ತಿದ.

ಅವನು ನಗಾಡಿಕೊಂಡು ಮಾಡಿದ್ದನ್ನು ಇವರು ಶಾಸ್ತ್ರ ಮಾಡಿಕೊಂಡರು. ಅಂದಿನಿಂದ ಭಾಲ್ಕಿಯಲ್ಲಿ ಗಿಟಾರಿನ ಶ್ರುತಿ ಎಂದರೆ ಗಾಡಿಯ ಸೀಟಿ. ಸಂಜೆಯ ಪ್ಯಾಸೆಂಜರು ಬಂದು ಸೀಟಿ ಹಾಕಬೇಕು, ಮಾಮಾ ತಂತಿ ಬಿಗಿಯಬೇಕು, ಆಮೇಲೆ ಸಂಗೀತ. ಗಾಡಿ ತಡವಾದರೆ ಸಂಗೀತವೂ ತಡ. ಗಾಡಿ ರದ್ದಾದರೆ ಸಂಗೀತವೂ ರದ್ದು. ಆಗಿನ ಗಾಡಿಗಳು ಹೊತ್ತಿಗೆ ಸರಿಯಾಗಿ ಬರುತ್ತಿದ್ದುವೆಂದು ಈಗ ಹೇಳುವವರಿದ್ದಾರೆ. ಅವರು ಭಾಲ್ಕಿಯಲ್ಲಿ ಕಾದವರಲ್ಲ.

ಪದಕ್ಕೆ ಮಾತು ಬೇಕಲ್ಲ? ಇಂಗ್ಲಿಷಿನವು ಜಾನಪ್ಪನ ಜೊತೆಗೇ ಹೋಗಿದ್ದವು. ಒಂದು ಮುಂಜಾವ ಅಜ್ಜಿ ಜೋಳ ಬೀಸುತ್ತಿದ್ದಾಗ ಇವರಿಬ್ಬರೂ ಪಡಸಾಲೆಯಲ್ಲಿ ಅದೇ ಧಾಟಿಯನ್ನು ತಡವರಿಸುತ್ತಿದ್ದರು. ಅಜ್ಜಿ ಗೂಟ ಹಿಡಿದೇ ಕೇಳಿದಳು: "ಒಂದ ಮಾತು ಎರಡ ಸಲ ಅನ್ನೂದು, ಮ್ಯಾಲ ಒಂದು ಜವಾಬು ಕೊಡೂದು, ಇಷ್ಟs ಅಲ್ಲೇನೋ ಅದು? ಇದಕ್ಯಾಕ ಮಾರಿ ಇಷ್ಟು ಸಣ್ಣ ಮಾಡ್ಕೊಂಡೀರಿ?" ಎಂದು, ಬೀಸುತ್ತಲೇ ಹಾಡಿದಳು:

ಗಾಡಿ ಹೋಯ್ತು ಗಾಡಿ ಹೋಯ್ತು, ಹೊಗಿ ಒಂದs ಉಳದಾದ,
ಗಾಡಿ ಹೋಯ್ತು ಗಾಡಿ ಹೋಯ್ತು, ಹೊಗಿ ಒಂದs ಉಳದಾದ,
ಹೋದವನ ಕೆರ ಹೊಸ್ತಿಲದಾಗ ಇನ್ನಾ ದಾರಿ ನೋಡ್ಲತ್ತಾವ.

ಜಾನಪ್ಪನ ಹಾಡಿನಲ್ಲಿ ಹೋದದ್ದು ಹೆಂಡತಿ. ಅಜ್ಜಿಯ ಕೈಯಲ್ಲಿ ಅದು ಗಂಡನಾಯಿತು, ಹೊಸ್ತಿಲಲ್ಲಿ ಅವನು ಬಿಟ್ಟುಹೋದ ಚಪ್ಪಲಿಯೂ ಸೇರಿಕೊಂಡಿತು. ನಮ್ಮ ಅಜ್ಜ ಮುಂಬಯಿಗೆಂದು ಹೋಗಿ ತಿರುಗಿ ಬಾರದವನು. ಅಜ್ಜಿ ಆ ಮಾತನ್ನು ಬೇರೆ ಯಾವ ರೀತಿಯಲ್ಲೂ ಎತ್ತಿದ್ದನ್ನು ನಾನು ಕೇಳಿಲ್ಲ. ಆ ಹಾಡಿಗೆ ನಾವು ಸೀಟಿಪದ ಎಂದು ಹೆಸರಿಟ್ಟೆವು. ಎಷ್ಟೋ ವರ್ಷದ ಮೇಲೆ ಬೀದರದ ಕಾಲೇಜಿನ ಹುಡುಗನೊಬ್ಬ ಕ್ಯಾಸೆಟ್ಟು ಕೇಳಿಸಿ, ಇದಕ್ಕೆ ಬ್ಲೂಸ್ ಅನ್ನುತ್ತಾರೆ, ಹಳ್ಳಿಗರ ಬ್ಲೂಸ್, ಬ್ಲೂ ಅಂದರೆ ನೀಲಿ ಎಂದು ನನಗೆ ತಿಳಿಹೇಳಿದ. ಇರಬಹುದು. ನಮ್ಮಲ್ಲಿ ಅದು ಜೋಳದ ಹಿಟ್ಟಿನ ಬಣ್ಣದ್ದಾಗಿತ್ತು.

ನಾನೂ ಈ ಭಾಲ್ಕಿ ಘರಾಣೆಯ ಶಿಷ್ಯನೇ. ನನ್ನ ಸಾಧನೆಯನ್ನು ಮುಚ್ಚಿಡುವುದಿಲ್ಲ: ಒಂದೂವರೆ ಪದ. ಮೊದಲ ಪಾಠದ ದಿನವೇ ಕುತ್ತಿಗೆಯೊಳಗೆ ನನ್ನ ಬೆರಳು ಸಿಕ್ಕಿಕೊಂಡಿತು. ಎಳೆದರೆ ಬಾರದು, ಬೆರಳು ಬದನೆಕಾಯಿಯಾಗುತ್ತಿದೆ. ಬಾಟಲಿ ಒಡೆಯಬೇಕೆಂದೆ ನಾನು. ಮಾಮಾ ಮತ್ತು ಚಾಂದಸಾಬ ಒಬ್ಬರ ಮುಖವನ್ನೊಬ್ಬರು ನೋಡಿಕೊಂಡರು. ಬೆರಳಿನ ಬಗ್ಗೆ ಬೇರೆ ದಾರಿ ಯೋಚಿಸುತ್ತಿದ್ದರೆಂದು ಈಗಲೂ ನನ್ನ ನಂಬಿಕೆ. ಅಜ್ಜಿ ಕುಸುಬಿ ಎಣ್ಣೆ ಹಾಕಿ ಬಿಡಿಸಿ, "ಇವನ ಬಟ್ಟು ಬಾಜಾದ್ದಲ್ಲ, ಗಳೇದ್ದು, ನೇಗಿಲ ಹಿಡಿಯೂದು" ಎಂದಳು. ಹಾಗೆ ನಾನು ಹಾಡುಗಾರನಾದೆ.

ಖಟಕ ಚಿಂಚೋಳಿಯಲ್ಲಿ ತೊಟ್ಟಿಲ ಕಾರ್ಯಕ್ಕೆ ನಮ್ಮನ್ನು ಕರೆದ ಸಂಗತಿ ಹೇಳದೆ ಮುಂದೆ ಹೋಗುವ ಹಾಗಿಲ್ಲ. ಬಂಡಿ ಕಳಿಸಿದ್ದರು, ಕಂಬಳಿ ಹಾಸಿದ್ದರು, ಜನ ಕೂತಿತ್ತು. ಮಾಮಾ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಸುಮ್ಮನೆ ಕೂತ. ಚಾಂದಸಾಬನೂ ಕೂತ. ಜನ ಕಾದರು. ಕಡೆಗೆ ಮನೆಯ ಯಜಮಾನ, "ಚಾಲೂ ಮಾಡ್ರಿ ಬಾಬೂ" ಎಂದ.

"ಗಾಡಿ ಬರ್ಲಿ" ಎಂದ ಮಾಮಾ, ಅಭ್ಯಾಸಬಲದಿಂದ.

"ನಮ್ಮೂರಿಗಿ ಗಾಡಿ ಎಲ್ಲಿ ಬರ್ತದ್ರಿ?"

ಆಗಲೇ ಇವರಿಗೆ ಹೊಳೆದದ್ದು, ಹಳಿಯಿಲ್ಲದ ಊರಿಗೆ ಶ್ರುತಿಯಿಲ್ಲವೆಂದು. ಚಾಂದಸಾಬ ಎದ್ದು ನಿಂತು, ಎರಡೂ ಅಂಗೈ ಬಾಯಿಗೆ ಮುಚ್ಚಿ, ಕಣ್ಣು ಮುಚ್ಚಿ, ಸೀಟಿ ಹಾಕಿದ. ಕಟ್ಟಿದ ಎತ್ತುಗಳು ಎದ್ದವು, ತೊಟ್ಟಿಲ ಕೂಸು ಎದ್ದಿತು. ಭಾಲ್ಕಿ ಪ್ಯಾಸೆಂಜರು ಖಟಕ ಚಿಂಚೋಳಿಗೆ ಬಂದೇಬಿಟ್ಟಿತ್ತು. ಮಾಮಾ ತಂತಿ ಬಿಗಿದು ಮೀಟಿದ: ಕೂದಲೆಳೆಯ ವ್ಯತ್ಯಾಸವಿಲ್ಲ. ಹಗಲೂ ಇರುಳೂ ಆ ಇಂಜಿನ್ನಿಗೆ ದಾರಿ ಬಿಟ್ಟುಕೊಟ್ಟ ಮನುಷ್ಯನ ಗಂಟಲಲ್ಲಿ ಇಂಜಿನ್ ಮನೆಮಾಡಿತ್ತು.

ಆಮೇಲೆ ಆ ವರ್ಷ, ನಲವತ್ತೆಂಟು, ಬಂತು. ಮೊದಲು ನಿಜಾಮನ ಪಕ್ಷದ ರಜಾಕಾರರ ಹೆದರಿಕೆಗೆ ನಮ್ಮ ಕಡೆಯವರು ಊರು ಬಿಟ್ಟರು. ಮೆಹಕರದ ದಾರಿಯಲ್ಲಿ ಗಡಿಯಾಚೆಗೆ ಬಂಡಿಯ ಹಿಂದೆ ಬಂಡಿ. ಕೋಲು, ಬಂದೂಕು ಹಿಡಿದ ಕೆಲವರು ಒಂದು ದಿನ ಸ್ಟೇಷನ್ನಿಗೂ ಬಂದು, ಈ ತಿಕೀಟು ಬಾಬು ತಂತಿ ಕಟ್ಟಿಕೊಂಡು ಹೊರಗಿನವರಿಗೆ ಸುದ್ದಿ ಕಳಿಸುತ್ತಾನಂತೆ, ಏನದು ಎಂದು ಗಿಟಾರು ಹಿಡಿದೆಳೆದರು. ಚಾಂದಸಾಬ ಮುಂದೆ ಬಂದು, ಅತ್ಯಂತ ಬೇಸರದ ದನಿಯಲ್ಲಿ ಹೇಳಿದ: "ಇಂಜಿನ್ ಸೀಟಿ ತಪಾಸ ಮಾಡೂ ಸರ್ಕಾರಿ ಔಜಾರ ಅದ ಜನಾಬ್. ಒಡದ್ರ ನಾಳಿ ಗಾಡಿ ಹೋಗೂದಿಲ್ಲ. ಜವಾಬು ನೀವೇ ಕೊಡಬೇಕಾಗ್ತದ." ಬಂದವರು ಗಿಟಾರನ್ನು ಜೋಪಾನವಾಗಿ ಕೆಳಗಿಟ್ಟು ಹೋದರು.

ಸಪ್ಟೆಂಬರಿನಲ್ಲಿ ಭಾರತದ ಸೈನ್ಯ ಬಂದು ಪೊಲೀಸ್ ಆಕ್ಷನ್ ಆಯಿತು. ಈಗ ಅವರ ಕಡೆಯವರು ಊರು ಬಿಟ್ಟರು. ದಾರಿಗಳು ಅವೇ, ಬಂಡಿಗಳೂ ಹೆಚ್ಚುಕಡಿಮೆ ಅವೇ, ಕೂತವರು ಬೇರೆ. ಏನೇನಾಯಿತೆಂದು ನಾನು ಹೇಳುವುದಿಲ್ಲ. ಆ ದಿನಗಳ ಮಾತು ಬಂದರೆ ನಮ್ಮ ಜಿಲ್ಲೆಯ ಮುದುಕರೆಲ್ಲ ಇದ್ದಕ್ಕಿದ್ದಂತೆ ಮಳೆಯ ವಿಷಯಕ್ಕೆ ಬರುತ್ತಾರೆ. ಯಾರಾದರೂ ಚಾಂದನನ್ನು ಹುಡುಕಿ ಬಂದರೆ ಹೇಳಬೇಕೆಂದು ಮಾಮಾ ಒಂದು ಗಟ್ಟಿಯಾದ ಸುಳ್ಳನ್ನು ತಯಾರಿಟ್ಟುಕೊಂಡಿದ್ದ. ಅದನ್ನು ಹೇಳುವ ಪಾಳಿ ಬರಲಿಲ್ಲ. ಬೆಳಿಗ್ಗೆ ಹೋಗಿ ನೋಡಿದರೆ ಚಾಂದಸಾಬನ ಮನೆಯ ಕದ ತೆರೆದಿತ್ತು, ಒಲೆಯ ಬೂದಿ ಇನ್ನೂ ಬೆಚ್ಚಗಿತ್ತು. ಅವನೂ ಇಲ್ಲ, ಹೆಂಡತಿ ಹಮೀದಾಬಿಯೂ ಇಲ್ಲ, ಕೂಸು ರಾಬಿಯಾಳೂ ಇಲ್ಲ. ಗಿಟಾರು ನಮ್ಮ ಮನೆಯಲ್ಲಿತ್ತು. ಬಾಟಲಿಯ ಕುತ್ತಿಗೆ ಯಾವಾಗಲೂ ಇರುತ್ತಿದ್ದಂತೆ ಚಾಂದನ ಅಂಗಿಯ ಕಿಸೆಯಲ್ಲಿ.

ಬದುಕಿದ್ದಾನೋ ಇಲ್ಲವೋ. ಮಾಮಾನಿಗೆ ಉಳಿದದ್ದು ಆ ಒಂದೇ ಪ್ರಶ್ನೆ. ಅದನ್ನು ಅವನು ಯಾರಲ್ಲೂ ಆಡಲಿಲ್ಲ. ದಿನಾ ಸಂಜೆ ಪ್ಯಾಸೆಂಜರು ಸೀಟಿ ಹಾಕಿದಾಗ ಗಿಟಾರು ಇಳಿಸಿ, ಆ ಸೀಟಿಗೆ ತಂತಿ ಬಿಗಿದು, ಮತ್ತೆ ಗೂಟಕ್ಕೆ ತೂಗುಹಾಕುವನು. ಬಾರಿಸುವುದಿಲ್ಲ.

"ಬಾರಸೂದಿಲ್ಲ, ಮಾಡೂದಿಲ್ಲ, ದಿನಾ ಅದರ ಕಿವಿ ಯಾಕ ಹಿಂಡ್ತಿ?" ಎಂದಳು ಅಜ್ಜಿ. "ಏನು ಗುನ್ಹೆ ಮಾಡ್ಯಾದ ಅದು?"

ನಾನೂ ಬುದ್ಧಿವಂತನಂತೆ ಹೇಳಿದೆ: "ಇನ್ನೊಂದು ಬಾಟ್ಲಿ ಕತ್ತರ್ಸೂಣು ಮಾಮಾ. ಹ್ಯಾಂಗ ಮಾಡೂದಂತ ಗೊತ್ತದಲ್ಲ."

"ಇನ್ನೊಂದು ಕತ್ತರ್ಸಿದ್ರ, ಅಂವ ಬರೂದಿಲ್ಲಂತ ನಾನೇ ಒಪ್ಕೊಂಡಂಗ ಆಗ್ತದ" ಎಂದು ಮಾಮಾ ತಿಕೀಟು ಕಿಟಕಿಗೆ ಹೋದ.

ಚಳಿಗಾಲ ಹೋಗಿ ಬೇಸಿಗೆ ಬಂತು. ಒಂದು ದಿನ ತಿಕೀಟಿನ ಸಾಲಿನಲ್ಲಿ ಕಂಬಳಿಯ ಹೊರೆ ಹೊತ್ತ ಕುರುಬರವನೊಬ್ಬ ನಿಂತಿದ್ದ. ಔರಾದ ಕಡೆಯವನು, ಬೀರಪ್ಪ ಎಂದು ಆಮೇಲೆ ಗೊತ್ತಾಯಿತು. ನಿಂತು ನಿಂತು ಬೇಸತ್ತು ತನ್ನ ಪಾಡಿಗೆ ಗುನುಗುತ್ತಿದ್ದ: ಗಾಡಿ ಹೋಯ್ತು ಗಾಡಿ ಹೋಯ್ತು, ಹೊಗಿ ಒಂದs ಉಳದಾದ.

ಕಿಟಕಿಯೊಳಗೆ ಠಸ್ಸೆ ಒತ್ತುವ ಸದ್ದು ನಿಂತಿತು.

"ಏ ತಮ್ಮಾ, ಯಾರು ಕಲಿಸ್ಯಾರ ನಿನಗ ಆ ಪದ?"

"ಯಾರು ಕಲಸ್ತಾರ್ರಿ? ನಮ್ಮ ಹಟ್ಟಿದಾಗ ಹೆಣ್ಮಕ್ಕಳೆಲ್ಲ ಬೀಸ್ತಾ ಇದನೇ ಅಂತಾರ. ಒಬ್ಬ ಸಾಬ ಬಂದಾನ್ರಿ. ನಮ್ಮ ಕಾಕಾ ಇಟ್ಕೊಂಡಾನ. ಗ್ವಾಡಿಗಿ ಒಂದು ತಂತಿ ಬಡದು, ಬಟ್ಟಿಗಿ ಬಾಟ್ಲಿ ಸಿಗಿಸ್ಕೊಂಡು ಬಾರಸ್ತಾನ್ರಿ."

"ಬಾಟ್ಲಿ ಯಾವ ಬಣ್ಣದ್ದು?"

"ಹಸರ್ರಿ. ಯಾಕ್ರಿ, ನಿಮ್ದೇನ್ರಿ? ಕಳುವು ಮಾಡ್ಯಾನೇನು?"

"ಅರ್ಧ ನನ್ದು" ಎಂದ ಮಾಮಾ. ಬೀರಪ್ಪನ ಹಿಂದೆ ನಿಂತು ಉದಗೀರಕ್ಕೆ ತಿಕೀಟು ಕೇಳಿದ ಮನುಷ್ಯನಿಗೆ ಬೀದರದ್ದು ಕೊಟ್ಟುಬಿಟ್ಟ. ಮಾಮಾನ ನೌಕರಿಯಲ್ಲಿ ಅದೊಂದೇ ತಪ್ಪು ತಿಕೀಟು.

ಅಜ್ಜಿ ಕಡಕ್ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಟ್ಟಳು. ಗಿಟಾರಿಗೆ ಕೌದಿ ಸುತ್ತಿ, ಬಂಡಿಯಲ್ಲಿ ಮಾಂಜ್ರಾದ ಬೇಸಿಗೆಯ ನೀರು ದಾಟಿ ನಾವು ಹೊರಟೆವು. ಔರಾದಕ್ಕೆ ಸ್ವಲ್ಪ ಈಚೆಗೆ, ಕರಿಮಣ್ಣಿನ ಹೊಲಗಳ ನಡುವೆ ಕುರುಬರ ಹಟ್ಟಿ. ಹಟ್ಟಿ ಕಾಣುವ ಮೊದಲೇ, ಸುತ್ತ ಎಲ್ಲಿಯೂ ಹಳಿಯಿಲ್ಲದ ಆ ಬಯಲಲ್ಲಿ, ಭಾಲ್ಕಿ ಪ್ಯಾಸೆಂಜರಿನ ಸೀಟಿ ಕೇಳಿಸಿತು. ಮಾಮಾ ಬಂಡಿಯಿಂದ ಇಳಿದು ನಡೆಯತೊಡಗಿದ. ಎತ್ತುಗಳಿಗೆ ಅವನನ್ನು ಹಿಡಿಯಲಾಗಲಿಲ್ಲ.

ಮಣ್ಣಿನ ಗೋಡೆಯ ಮುಂದೆ ಚಾಂದಸಾಬ ನಿಂತಿದ್ದ. ಸೊರಗಿದ್ದ, ಗಡ್ಡ ಬಂದಿತ್ತು. ಗೋಡೆಗೆ ಎರಡು ಮೊಳೆ ಬಡಿದು ಬೇಲಿಯ ತಂತಿ ಬಿಗಿದು, ಅಡಿಯಲ್ಲಿ ಹಂಚಿನ ಚೂರು ಸಿಗಿಸಿದ್ದ. ಇಬ್ಬರೂ ಒಬ್ಬರನ್ನೊಬ್ಬರು ನೋಡಿದರು. ಅಪ್ಪಿಕೊಳ್ಳುತ್ತಾರೆ, ಅಳುತ್ತಾರೆ ಎಂದುಕೊಂಡು ನಾನು ಗೌರವದಿಂದ ದೂರ ನಿಂತೆ.

"ಬಾಟ್ಲಿ ಅದಯೇನು?" ಎಂದ ಮಾಮಾ.

"ಬಾಜಾ ತಂದಿಯೇನು?" ಎಂದ ಚಾಂದಸಾಬ.

ಕೌದಿ ಬಿಚ್ಚಿದರು. ಚಾಂದಸಾಬ ಗೋಡೆಯ ತಂತಿ ಮೀಟಿದ. ಮಾಮಾ ಗಿಟಾರು ಮೀಟಿದ. ಎರಡೂ ಸ್ವರ ಜಗಳಗಂಟಿ ನೆಗೆಣ್ಣಿಯರಂತೆ ಒಂದನ್ನೊಂದು ಪರಚಿಕೊಂಡವು.

"ತಂತಿ ಏರಸೀದಿ ನೀ" ಎಂದ ಚಾಂದಸಾಬ.

"ನಾ ಎಲ್ಲಿ ಏರಸೇನಿ? ಒಂದಿನಾ ಬಿಡ್ದೆ ಗಾಡಿಗಿ ಹಚ್ಚೇನಿ. ನಿಂದೇ ಇಳದಾದ."

"ನನ್ನ ಗಂಟಲದಾಗಿಂದು ಹ್ಯಾಂಗ ಇಳೀತದ?"

"ಹಂಗಾರ ಗಾಡಿ ಸುಳ್ಳ ಹೇಳ್ತದೇನು?"

"ಯಾವ ಗಾಡಿ? ಇಂಜಿನ್ ಅದೇ ಅದಯೇನು?"

ಅದೇ ಇರಲಿಲ್ಲ. ಆಕ್ಷನ್ ಆದ ಮೇಲೆ ಸರ್ಕಾರದ ಜೊತೆ ಇಂಜಿನ್ನೂ ಬದಲಾಗಿತ್ತು. ಹೊಸ ಇಂಜಿನ್ನಿನ ಸೀಟಿ ಎತ್ತರದ್ದು. ದಿನಾ ಸಂಜೆ ನಿಷ್ಠೆಯಿಂದ ಅದಕ್ಕೇ ತಂತಿ ಬಿಗಿದು ಬಿಗಿದು ಮಾಮಾ ತಿಳಿಯದೆ ಮೇಲೇರಿದ್ದ. ಹಳೆಯ ಸೀಟಿ ಉಳಿದದ್ದು ರೈಲು ಕಾಣದ ಹಟ್ಟಿಯ ಈ ಒಂದು ಗಂಟಲಲ್ಲಿ.

ಹಮೀದಾಬಿ ತಂಬಿಗೆ ಹಿಡಿದು ಬಾಗಿಲಿಗೆ ಬಂದಳು. "ತೌಬಾ! ಒಂದು ಗುಟುಕು ನೀರು ಕುಡದಿಲ್ಲ, ಯಾರು ಸತ್ತಾರ, ಯಾರು ಉಳದಾರ ಕೇಳಿಲ್ಲ, ಬಂದಕೂಡ್ಲೇ ಜಗಳಾ ಚಾಲೂ ಮಾಡ್ಯಾರ!" ಎಂದು ನಕ್ಕಳು, ನಗುತ್ತಲೇ ಸೆರಗಿನಿಂದ ಕಣ್ಣೊರೆಸಿಕೊಂಡಳು. ಮಾಮಾ ತಲೆ ತಗ್ಗಿಸಿ, ಗಿಟಾರಿನ ಕಿವಿಗಳನ್ನು ಒಂದೊಂದಾಗಿ ಸಡಿಲಿಸತೊಡಗಿದ. ಚಾಂದಸಾಬ ಅಂಗೈ ಮುಚ್ಚಿ ಸೀಟಿ ಹಾಕಿದ. ಇನ್ನೂ ಇಳಿಸು ಎಂದು ಕೈ ಮಾಡಿದ. ಇನ್ನೂ ಸ್ವಲ್ಪ. ಆ ದಿನ ಅವರು ಬಾರಿಸಿದ್ದನ್ನು ವರ್ಣಿಸುವ ಶಕ್ತಿ ನನಗಿಲ್ಲ.

ಹೊರಡುವಾಗ ಮಾಮಾ, "ಭಾಲ್ಕಿಗಿ ಬಾ" ಎಂದ. "ಬರ್ತೇನಿ, ಬರ್ತೇನಿ" ಎಂದ ಚಾಂದಸಾಬ. ಎರಡು ಸಲ ಹೇಳಿದ್ದರಿಂದಲೇ ಬರುವುದಿಲ್ಲವೆಂದು ತಿಳಿಯಿತು. ಅವನು ಔರಾದದಲ್ಲೇ ಸೈಕಲ್ ರಿಪೇರಿಯ ಅಂಗಡಿ ಹಾಕಿದ. ಬಂಡಿ ಹತ್ತಿದ ಮಾಮಾನ ಕಿಸೆಗೆ ಕುತ್ತಿಗೆಯನ್ನು ತುರುಕಿ, ಗಿಟಾರನ್ನು ತನ್ನಲ್ಲೇ ಇಟ್ಟುಕೊಂಡು ಹೇಳಿದ: "ಬಾಜಾ ಇಲ್ಲಿರ್ಲಿ, ಬಾಟ್ಲಿ ನೀ ಒಯ್ಯಿ. ಒಬ್ಬನೇ ಬಾರಸಿ ಸಾಕಾಗ್ಯಾದ." ಎರಡು ಬೆರಳು ಜೋಡಿಸಿ ಎತ್ತಿ ತೋರಿಸಿದ. ಮುಂದೆ ಇಬ್ಬರಿಗೂ ಕೈ ನಡೆಯುವವರೆಗೂ ಮಾಮಾ ಕಿಸೆಯಲ್ಲಿ ಕುತ್ತಿಗೆ ಇಟ್ಟುಕೊಂಡು ಔರಾದಕ್ಕೆ ಹೋಗುತ್ತಿದ್ದ. ಮಾಂಜ್ರಾ ತುಂಬಿದ ತಿಂಗಳಲ್ಲಿ ಸಂಗೀತ ರದ್ದು. ಮಾಮಾನ ನಂತರ ಕುತ್ತಿಗೆ ನನ್ನ ಕೈಗೆ ಬಂತು.

ಕೆಲ ವರ್ಷಗಳ ಹಿಂದೆ ಜನಪದ ಸಂಗ್ರಹಿಸುವ ವಿದ್ವಾಂಸರೊಬ್ಬರು ಔರಾದ ಕಡೆಯ ಹೆಣ್ಣುಮಕ್ಕಳಿಂದ ಸೀಟಿಪದವನ್ನು ಬರೆದುಕೊಂಡು, ಇದು ಅತಿ ಪ್ರಾಚೀನವಾದ ಬೀಸುವ ಪದವೆಂದು ಸಭೆಯಲ್ಲಿ ಸಾರಿದರು. ನಾನು ಮುಂದಿನ ಸಾಲಿನಲ್ಲಿ ಕೂತಿದ್ದೆ. ಪ್ರಾಚೀನ ಕಾಲದಲ್ಲಿ ಗಾಡಿ ಎಲ್ಲಿತ್ತೆಂದು ಯಾರೂ ಕೇಳಲಿಲ್ಲ, ನಾನೂ ಸುಮ್ಮನಿದ್ದೆ. ಅಜ್ಜಿಗೆ ಅಷ್ಟು ವಯಸ್ಸಾದದ್ದು ಕೇಳಿ ಸಂತೋಷವೇ ಆಯಿತು.

ಸುಜಾತಾ ಚಹಾ ತಂದಳು. ಗುಂಡಿ ಹಚ್ಚಿದ ಅಂಗಿಯನ್ನೂ ತಂದಳು. ನಾಳೆ ನನಗೆ ಆ ಅಂಗಿ ಬೇಕು, ಔರಾದದ ಬಸ್ಸು ಹಿಡಿಯುವುದಿದೆ. ಮಾಮಾ ಇಲ್ಲ, ಚಾಂದಸಾಬ ಇಲ್ಲ, ಆ ಇಂಜಿನ್ ಯಾವ ಗುಜರಿಯಲ್ಲಿ ಕರಗಿತೋ. ಆದರೆ ರಾಬಿಯಾ ಇದ್ದಾಳೆ. ಅಪ್ಪನ ಗೋಡೆಯ ತಂತಿಯಲ್ಲಿ ಬಾರಿಸಲು ಕಲಿತವಳು, ಈಗ ಅವಳಿಗೂ ತಲೆ ನೆರೆತಿದೆ. ನನ್ನನ್ನು ಕಂಡರೆ ಅವಳು ಬರ್ರಿ ಅನ್ನುವುದಿಲ್ಲ, ಕೂಡ್ರಿ ಅನ್ನುವುದಿಲ್ಲ, ಆರಾಮ ಇದ್ದೀರೇನೆಂದೂ ಕೇಳುವುದಿಲ್ಲ. ಗೂಟದ ಗಿಟಾರಿಗೆ ಒಂದು ಕೈ ಹಾಕಿ, ಇನ್ನೊಂದು ಕೈಯನ್ನು ನನ್ನ ಮುಂದೆ ಚಾಚಿ ಕೇಳುತ್ತಾಳೆ:

"ತಂದೀರೇನ್ರಿ?"